ಬೀಗ ಹಾಕಿದ ಪೆಟ್ಟಿಗೆಯ ದಾರಿ

ಕಾಸರಗೋಡಿನಿಂದ ಮಂಗಳೂರಿನ ಕಡೆಗೆ ಸಾಗುವ ಹೆದ್ದಾರಿಯಲ್ಲಿ ನಡುರಾತ್ರಿ ಕಳೆದರೂ ಒಂದು ಬಗೆಯ ವಾಹನಗಳ ಸಂಚಾರ ನಿಲ್ಲುವುದಿಲ್ಲ. ಮುಂದಿನ ಆಸನದಲ್ಲಿ ಇಸ್ತ್ರಿ ಮಾಡಿದ ಅಂಗಿ ತೊಟ್ಟ ಯುವಕ, ಹಿಂದೆ ತಂದೆ, ತಾಯಿ, ತಂಗಿ, ಸೋದರಮಾವ. ಮೇಲಿನ ಕ್ಯಾರಿಯರಿನಲ್ಲಿ ಎರಡು ಭಾರವಾದ ಪೆಟ್ಟಿಗೆಗಳು. ಕುಂಬಳೆ, ಬಂದ್ಯೋಡು, ಉಪ್ಪಳ, ಹೊಸಂಗಡಿ ದಾಟಿ ತಲಪಾಡಿಯಲ್ಲಿ ರಾಜ್ಯದ ಗಡಿ ಕಳೆಯುತ್ತದೆ. ನೇತ್ರಾವತಿಯ ಸೇತುವೆ, ಪಂಪ್‌ವೆಲ್, ನಂತೂರು, ಅನಂತರ ಮರವೂರಿನಲ್ಲಿ ಫಲ್ಗುಣಿ ನದಿ. ನದಿ ದಾಟಿದೊಡನೆ ರಸ್ತೆ ಕೆಂಜಾರಿನ ಗುಡ್ಡವನ್ನು ಏರತೊಡಗುತ್ತದೆ. ಗುಡ್ಡದ ನೆತ್ತಿಯನ್ನು ಸಮತಟ್ಟು ಮಾಡಿ ಕಟ್ಟಿದ ಮಂಗಳೂರು ವಿಮಾನ ನಿಲ್ದಾಣ ಅಲ್ಲಿದೆ. ಹಳಬರು ಇಂದಿಗೂ ಅದನ್ನು ಬಜ್ಪೆ ಎಂದೇ ಕರೆಯುತ್ತಾರೆ.

1951ರ ಡಿಸೆಂಬರಿನಲ್ಲಿ ತೆರೆದ ಈ ನಿಲ್ದಾಣ ಮೊದಲಿನಿಂದಲೂ ನಮ್ಮದೂ ಹೌದು. ಅಂದು ಕಾಸರಗೋಡೂ ಮಂಗಳೂರೂ ಒಂದೇ ಜಿಲ್ಲೆ, ಒಂದೇ ಮದರಾಸು ರಾಜ್ಯ. 1956ರಲ್ಲಿ ಗಡಿ ನಡುವೆ ಬಂದಿತು, ದಾರಿ ಮಾತ್ರ ಬದಲಾಗಲಿಲ್ಲ. ಕೊಲ್ಲಿ ರಾಷ್ಟ್ರಗಳಿಗೆ ದುಡಿಯಲು ಹೋಗುವ ನಮ್ಮ ಕಡೆಯವರಿಗೆ ಇಂದು ಇನ್ನೂ ಎರಡು ದ್ವಾರಗಳಿವೆ: ದೂರದ ಕರಿಪ್ಪೂರು, ಮತ್ತು 2018ರ ಡಿಸೆಂಬರಿನಲ್ಲಿ ಮಟ್ಟನ್ನೂರಿನಲ್ಲಿ ತೆರೆದ ಕಣ್ಣೂರು ನಿಲ್ದಾಣ. ಯಾವ ದ್ವಾರದಿಂದ ಹೊರಟರೂ ಒಂದು ಗಳಿಗೆ ಎಲ್ಲರಿಗೂ ಸಮಾನ. ಕೌಂಟರಿನಲ್ಲಿ ಪೆಟ್ಟಿಗೆಯನ್ನು ತೂಕಕ್ಕಿಟ್ಟು, ಅದು ಕಪ್ಪು ಬೆಲ್ಟಿನ ಮೇಲೆ ಜಾರಿ ರಬ್ಬರಿನ ಪರದೆಯಾಚೆ ಮರೆಯಾಗುವುದನ್ನು ನೋಡುವ ಗಳಿಗೆ ಅದು. ಅಲ್ಲಿಂದ ಮುಂದಿನ ಮೂರು ನಾಲ್ಕು ಗಂಟೆಗಳ ಕಾಲ, ಕೆಲವೊಮ್ಮೆ ಇಡೀ ದಿನ, ಆ ಪೆಟ್ಟಿಗೆ ಎಲ್ಲಿದೆ, ಯಾರ ಕೈಯಲ್ಲಿದೆ ಎಂಬುದು ಅದರ ಒಡೆಯನಿಗೆ ತಿಳಿಯದು. ಅದಕ್ಕೆ ತೂಗುವ ಪುಟ್ಟ ಬೀಗವೊಂದರ ಮೇಲೆ ನಂಬಿಕೆಯಿಟ್ಟು ಅವನು ಮುಂದೆ ನಡೆಯುತ್ತಾನೆ. ಆ ನಂಬಿಕೆಗೆ ಎಷ್ಟು ಆಧಾರವಿದೆ ಎಂಬುದನ್ನು ಪೆಟ್ಟಿಗೆಯ ದಾರಿಯಲ್ಲಿಯೇ ನಡೆದು ನೋಡುವುದು ಈ ಬರಹದ ಉದ್ದೇಶ.

ಪೆಟ್ಟಿಗೆಯೊಳಗೆ ಏನಿದೆ

ಹೋಗುವ ಪೆಟ್ಟಿಗೆಯ ಒಳಗನ್ನು ತಾಯಂದಿರು ಬಲ್ಲರು. ಹಲಸಿನ ಹಪ್ಪಳ, ಬಾಳೆಕಾಯಿಯ ಚಿಪ್ಸ್, ಮಾವಿನ ಮಿಡಿಯ ಉಪ್ಪಿನಕಾಯಿ, ಸಾರಿನ ಹುಡಿ, ಒಣಗಿಸಿದ ಪುನರ್ಪುಳಿಯ ಸಿಪ್ಪೆ, ಒಂದಿಷ್ಟು ಕುಚ್ಚಿಲಕ್ಕಿ. ಬರುವ ಪೆಟ್ಟಿಗೆಯ ಒಳಗು ಮಕ್ಕಳ ಕನಸಿನಲ್ಲಿರುತ್ತದೆ. ಹಾಲಿನ ಹುಡಿಯ ಡಬ್ಬಿ, ಖರ್ಜೂರ, ಬಾದಾಮಿ, ಅತ್ತರಿನ ಕುಪ್ಪಿ, ಮೆತ್ತನೆಯ ಕಂಬಳಿ, ಆಟಿಕೆ, ಯಾರಿಗೋ ಒಂದು ಮೊಬೈಲು. ಅಂಗಡಿಯ ಬೆಲೆಯಲ್ಲಿ ಲೆಕ್ಕ ಹಾಕಿದರೆ ಇವುಗಳ ಮೊತ್ತ ದೊಡ್ಡದಲ್ಲ. ಆದರೆ ಎರಡು ವರ್ಷಕ್ಕೊಮ್ಮೆ ರಜೆ ಸಿಗುವ ಮನುಷ್ಯನು ತಿಂಗಳುಗಟ್ಟಲೆ ಕೂಡಿಟ್ಟ ಪ್ರೀತಿ ಆ ಮೂವತ್ತು ಕಿಲೋ ತೂಕದೊಳಗೆ ಅಡಕವಾಗಿರುತ್ತದೆ. ಅದರಿಂದ ಒಂದು ವಸ್ತು ಕಾಣೆಯಾದಾಗ ಮನೆಯವರಿಗೆ ಆಗುವ ನೋವು ವಸ್ತುವಿನ ಬೆಲೆಯನ್ನು ಮೀರಿದುದು.

ನಮ್ಮ ಹಿರಿಯರ ಪ್ರಯಾಣದಲ್ಲಿ ಈ ಅಗಲಿಕೆ ಇರಲಿಲ್ಲ. ಯಕ್ಷಗಾನ ಮೇಳದ ವೇಷದ ಪೆಟ್ಟಿಗೆಯನ್ನು ತಲೆಯ ಮೇಲೆ ಹೊತ್ತವರು ಕಲಾವಿದರ ಸಂಗಡವೇ ಒಂದೂರಿನಿಂದ ಇನ್ನೊಂದೂರಿಗೆ ನಡೆಯುತ್ತಿದ್ದರು. ಬಸ್ಸಿನ ಮೇಲೆ ಗೋಣಿ ಹಾಕಿದವನು ಪ್ರತಿ ನಿಲ್ದಾಣದಲ್ಲಿಯೂ ಕಿಟಕಿಯಿಂದ ತಲೆ ಹೊರಗೆ ಹಾಕಿ ನೋಡುತ್ತಿದ್ದನು. ರೈಲಿನಲ್ಲಿ ಪೆಟ್ಟಿಗೆ ಕಾಲಡಿಯಲ್ಲಿಯೇ ಇರುತ್ತದೆ. ಒಡೆಯನೂ ಒಡವೆಯೂ ಬೇರೆ ಬೇರೆ ಬಾಗಿಲಿನಿಂದ ಹೊಕ್ಕು, ಬೇರೆ ಬೇರೆ ದಾರಿಯಿಂದ ಸಾಗಿ, ಕೊನೆಯಲ್ಲಿ ಮತ್ತೆ ಸೇರುವ ಏರ್ಪಾಡು ನಮಗೆ ವಿಮಾನಯಾನದೊಂದಿಗೆ ಬಂದುದು.

ಪರದೆಯಾಚೆಯ ಹಾದಿ

ಕೌಂಟರಿನಲ್ಲಿ ಪೆಟ್ಟಿಗೆಗೆ ಕಾಗದದ ಉದ್ದನೆಯ ಪಟ್ಟಿಯೊಂದನ್ನು ಸುತ್ತುತ್ತಾರೆ. ಅದರಲ್ಲಿ ಗೆರೆಗಳ ಗುರುತೂ ಹತ್ತು ಅಂಕಿಗಳ ಸಂಖ್ಯೆಯೂ ಇರುತ್ತವೆ. ಮೊದಲ ಅಂಕಿಯ ಬಳಿಕದ ಮೂರು ಅಂಕಿಗಳು ವಿಮಾನ ಸಂಸ್ಥೆಯ ಗುರುತು, ಕೊನೆಯ ಆರು ಪೆಟ್ಟಿಗೆಯ ಸ್ವಂತ ಸಂಖ್ಯೆ. ವಾಹನಕ್ಕೆ ನಂಬರ್ ಪ್ಲೇಟ್ ಇದ್ದಂತೆ ಪೆಟ್ಟಿಗೆಗೆ ಇದು. ಇದೇ ಸಂಖ್ಯೆಯ ಪುಟ್ಟ ಚೀಟಿಯೊಂದನ್ನು ಪ್ರಯಾಣಿಕನ ಕೈಗೂ ಕೊಡುತ್ತಾರೆ. ಹಲವರು ಅದನ್ನು ಬೋರ್ಡಿಂಗ್ ಪಾಸಿನ ಹಿಂದೆ ಅಂಟಿಸಿಕೊಂಡು ಮರೆತುಬಿಡುತ್ತಾರೆ. ವಾಸ್ತವದಲ್ಲಿ ಪೆಟ್ಟಿಗೆ ನಮ್ಮದೆಂಬುದಕ್ಕೆ ಇರುವ ಮುಖ್ಯ ದಾಖಲೆ ಅದು.

ಪರದೆಯಾಚೆ ಬೆಲ್ಟು ಪೆಟ್ಟಿಗೆಯನ್ನು ಕ್ಷಕಿರಣ ಯಂತ್ರದೊಳಗೆ ಹಾಯಿಸುತ್ತದೆ. ಪರದೆಯ ಮೇಲೆ ಸಂಶಯದ ವಸ್ತುವೊಂದು ಕಂಡರೆ ಪೆಟ್ಟಿಗೆಯನ್ನು ಬದಿಗೆ ಸರಿಸುತ್ತಾರೆ. ನಮ್ಮ ದೇಶದಲ್ಲಿ ಸಾಮಾನ್ಯವಾಗಿ ಪ್ರಯಾಣಿಕನನ್ನು ಕರೆಸಿ ಅವನ ಮುಂದೆಯೇ ತೆರೆಸುವುದು ವಾಡಿಕೆ. ನಮ್ಮ ಕಡೆಯವರ ಪೆಟ್ಟಿಗೆಗಳು ಹೀಗೆ ಬದಿಗೆ ಸರಿಯಲು ಎರಡು ಕಾರಣಗಳನ್ನು ಹೇಳಬಹುದು. ಒಂದು, ಮೊಬೈಲು ಚಾರ್ಜು ಮಾಡುವ ಪವರ್ ಬ್ಯಾಂಕ್. ಅದರೊಳಗಿನ ಲಿಥಿಯಂ ಬ್ಯಾಟರಿಗೆ ಬೆಂಕಿ ಹೊತ್ತಿಕೊಳ್ಳುವ ಅಪಾಯವಿರುವುದರಿಂದ ಅದು ಕೈಚೀಲದಲ್ಲಿಯೇ ಇರಬೇಕು. ಇನ್ನೊಂದು, ತೆಂಗಿನ ನಾಡಿನ ನಮಗೆ ಅಚ್ಚರಿಯೆನಿಸುವ ಒಣಕೊಬ್ಬರಿ. ಎಣ್ಣೆಯಂಶ ಹೆಚ್ಚಿರುವ ಕೊಬ್ಬರಿ ತಾನಾಗಿಯೇ ಬಿಸಿಯೇರಿ ಉರಿಯಬಲ್ಲದೆಂಬ ಕಾರಣದಿಂದ ಅಂತಾರಾಷ್ಟ್ರೀಯ ನಿಯಮಗಳು ಅದನ್ನು ಅಪಾಯಕಾರಿ ಸರಕುಗಳ ಪಟ್ಟಿಯಲ್ಲಿ ಇರಿಸಿವೆ. ಮಗನ ಅಡುಗೆಗೆಂದು ಅಮ್ಮ ಒಳಗಿಟ್ಟ ಎರಡು ಕೊಬ್ಬರಿ ಗಿಟುಕು ಇಡೀ ಪೆಟ್ಟಿಗೆಯನ್ನು ಬಿಚ್ಚಿಸಬಲ್ಲುದು.

ತಪಾಸಣೆ ಮುಗಿದ ಪೆಟ್ಟಿಗೆಗಳನ್ನು ವಿಮಾನವಾರು ವಿಂಗಡಿಸಿ ಗಾಡಿಗಳಿಗೆ ಏರಿಸುತ್ತಾರೆ. ದೊಡ್ಡ ವಿಮಾನಗಳಲ್ಲಿ ಅವುಗಳನ್ನು ಲೋಹದ ಕಂಟೇನರುಗಳಲ್ಲಿ ತುಂಬಿ ಬಾಗಿಲು ಹಾಕಿ ಏರಿಸುವುದುಂಟು. ಮಂಗಳೂರಿನಿಂದ ಕೊಲ್ಲಿಗೆ ಹಾರುವ ಬೋಯಿಂಗ್ 737ರಂತಹ ವಿಮಾನಗಳಲ್ಲಿ ಆ ಅನುಕೂಲವಿಲ್ಲ. ವಿಮಾನದ ಹೊಟ್ಟೆಯೊಳಗಿನ ತಗ್ಗು ಕೋಣೆಯಲ್ಲಿ ಕೆಲಸಗಾರರು ಮೊಣಕಾಲೂರಿ ಕುಳಿತು ಒಂದೊಂದೇ ಪೆಟ್ಟಿಗೆಯನ್ನು ಕೈಯಿಂದ ಎಳೆದು ಜೋಡಿಸುತ್ತಾರೆ. ನೆಟ್ಟಗೆ ನಿಲ್ಲಲೂ ಆಗದ ಜಾಗ, ಸುಡುವ ಬಿಸಿಲಿಗೆ ಕಾದ ಲೋಹ, ಮುಗಿಸಲು ಕೆಲವೇ ನಿಮಿಷಗಳ ಅವಕಾಶ. ದುಡಿಮೆ ಕಠಿಣವಾದುದು. ನಿಲ್ದಾಣದ ಇತರ ಎಡೆಗಳಲ್ಲಿ ಕ್ಯಾಮರಾಗಳ ಕಣ್ಣಿರುತ್ತದೆ, ಈ ಕೋಣೆಯೊಳಗೆ ಸಾಮಾನ್ಯವಾಗಿ ಇರುವುದಿಲ್ಲ. ಪೆಟ್ಟಿಗೆಯ ದಾರಿಯಲ್ಲಿ ಅತ್ಯಂತ ಮರೆಯಾದ ತಾಣ ಇದು.

2018ರ ಜೂನಿನಿಂದ ಜಾರಿಗೆ ಬಂದ ವಿಮಾನ ಸಂಸ್ಥೆಗಳ ಅಂತಾರಾಷ್ಟ್ರೀಯ ಒಕ್ಕೂಟದ ನಿರ್ಣಯವೊಂದು ಪೆಟ್ಟಿಗೆಯ ಚಲನೆಯನ್ನು ನಾಲ್ಕು ಕಡೆ ದಾಖಲಿಸಬೇಕೆಂದು ಹೇಳುತ್ತದೆ: ಪ್ರಯಾಣಿಕನಿಂದ ಪಡೆದಾಗ, ವಿಮಾನಕ್ಕೆ ಏರಿಸಿದಾಗ, ಬೇರೆ ವಿಮಾನಕ್ಕೆ ದಾಟಿಸುವಲ್ಲಿ, ಮತ್ತು ಮರಳಿ ಒಡೆಯನಿಗೆ ಒಪ್ಪಿಸಿದಾಗ. ಇದರಿಂದ ದಾರಿ ತಪ್ಪಿದ ಪೆಟ್ಟಿಗೆಯನ್ನು ಪತ್ತೆಹಚ್ಚುವುದು ಸುಲಭವಾಯಿತು. ಆದರೆ ಪೆಟ್ಟಿಗೆ ಬಂದಿತೇ ಇಲ್ಲವೇ ಎಂಬುದನ್ನಷ್ಟೇ ಈ ಲೆಕ್ಕ ಹೇಳುತ್ತದೆ. ಒಳಗಿನದು ಒಳಗೇ ಇದೆಯೇ ಎಂಬುದನ್ನು ಹೇಳುವುದಿಲ್ಲ.

ಬೀಗದ ಕಥೆ

ಇನ್ನು ಬೀಗದ ವಿಚಾರ. ಮಂಗಳೂರಿನ ಹಂಪನಕಟ್ಟೆಯ ಅಂಗಡಿಯಲ್ಲಿ ಟ್ರಾಲಿ ಬ್ಯಾಗು ಕೊಂಡರೆ ಅದರ ಬದಿಯಲ್ಲಿ ಮೂರು ಅಂಕಿಗಳ ಬೀಗ ಇರುವುದು ಇಂದು ಸಾಮಾನ್ಯ. ಕೆಲವದರ ಮೇಲೆ ಕೆಂಪು ವಜ್ರಾಕಾರದ ಗುರುತೂ, ಸಣ್ಣ ಕೀಲಿರಂಧ್ರವೂ ಕಾಣುತ್ತವೆ. ಕೀಲಿಕೈಯನ್ನು ಮಾತ್ರ ಅಂಗಡಿಯವನು ಕೊಡುವುದಿಲ್ಲ, ಏಕೆಂದರೆ ಅದು ನಮಗೆ ಸಲ್ಲುವ ಕೀಲಿಯಲ್ಲ.

ಇದರ ಮೂಲ ಅಮೆರಿಕದಲ್ಲಿದೆ. 2001ರ ಸೆಪ್ಟೆಂಬರ್ 11ರ ದಾಳಿಯ ಬಳಿಕ ಅಲ್ಲಿ ಸಾರಿಗೆ ಭದ್ರತಾ ಆಡಳಿತ ಎಂಬ ಸಂಸ್ಥೆ ಹುಟ್ಟಿತು. ಇಂಗ್ಲಿಷಿನ ಮೊದಲಕ್ಷರಗಳಲ್ಲಿ ಅದನ್ನು ಟಿಎಸ್‌ಎ ಎನ್ನುತ್ತಾರೆ. 2002ರ ಕೊನೆಯ ವೇಳೆಗೆ ವಿಮಾನಕ್ಕೆ ಏರುವ ಪ್ರತಿಯೊಂದು ಪೆಟ್ಟಿಗೆಯನ್ನೂ ತಪಾಸಣೆಗೆ ಒಳಪಡಿಸಬೇಕೆಂದು ಕಾನೂನು ವಿಧಿಸಿತು. ಪ್ರಯಾಣಿಕನು ಎದುರಿಗಿಲ್ಲದಾಗಲೂ ಪೆಟ್ಟಿಗೆ ತೆರೆಯುವ ಅಧಿಕಾರ ಅಲ್ಲಿನ ತಪಾಸಕರಿಗಿದೆ. ಬೀಗ ಅಡ್ಡ ಬಂದರೆ ಕತ್ತರಿಸಿ ಹಾಕುತ್ತಿದ್ದರು. ಇದಕ್ಕೆ ಪರಿಹಾರವಾಗಿ 2003ರಲ್ಲಿ ಹೊಸ ಬಗೆಯ ಬೀಗಗಳು ಬಂದವು. ಒಡೆಯನು ಅಂಕಿಗಳಿಂದ ತೆರೆಯಬಹುದು, ತಪಾಸಕರು ತಮ್ಮಲ್ಲಿರುವ ಕೆಲವೇ ಬಗೆಯ ಸಾಮಾನ್ಯ ಕೀಲಿಗಳಿಂದ ತೆರೆಯಬಹುದು. ಜಗತ್ತಿನ ಕೋಟಿಗಟ್ಟಲೆ ಪೆಟ್ಟಿಗೆಗಳಿಗೆ ಬೆರಳೆಣಿಕೆಯ ಕೀಲಿಗಳು.

2014ರಲ್ಲಿ ಅಮೆರಿಕದ ಪತ್ರಿಕೆಯೊಂದು ಪೆಟ್ಟಿಗೆಗಳ ತಪಾಸಣೆಯ ಕುರಿತ ಲೇಖನದೊಂದಿಗೆ ಆ ಕೀಲಿಗಳ ಗೊಂಚಲಿನ ಸ್ಪಷ್ಟವಾದ ಛಾಯಾಚಿತ್ರವನ್ನು ಅಚ್ಚು ಹಾಕಿತು. ಮರುವರ್ಷ ಅದು ಬೀಗಗಳ ಹವ್ಯಾಸಿಗಳ ಕಣ್ಣಿಗೆ ಬಿದ್ದಿತು. ಚಿತ್ರದಲ್ಲಿ ಕಾಣುವ ಹಲ್ಲುಗಳ ಏರಿಳಿತವನ್ನು ಅಳೆದು, ಮೂರು ಆಯಾಮದ ಮುದ್ರಣಯಂತ್ರದಲ್ಲಿ ಪ್ಲಾಸ್ಟಿಕ್ಕಿನ ಕೀಲಿ ತಯಾರಿಸಿದರು. ಬೀಗ ತೆರೆಯಿತು. ಅಂದಿನಿಂದ ಆ ಕೀಲಿಗಳ ನಕ್ಷೆ ಬೇಕೆಂದವರಿಗೆಲ್ಲ ದೊರೆಯುತ್ತದೆ. ಒಂದು ಊರಿನ ಎಲ್ಲ ಮನೆಗಳಿಗೂ ಒಂದೇ ಕೀಲಿಯನ್ನು ಮಾಡಿಸಿ, ಅದರ ಚಿತ್ರವನ್ನು ಪೇಟೆಯ ಗೋಡೆಗೆ ಅಂಟಿಸಿದರೆ ಹೇಗಿರುತ್ತದೆಯೋ ಹಾಗೆ.

ವಾಸ್ತವದಲ್ಲಿ ಕಳ್ಳನಿಗೆ ಇಷ್ಟು ಶ್ರಮವೂ ಬೇಕಿಲ್ಲ. ಮೂರು ಅಂಕಿಗಳ ಬೀಗದಲ್ಲಿ ಸಾಧ್ಯವಿರುವ ಸಂಖ್ಯೆಗಳು ಒಟ್ಟು ಒಂದು ಸಾವಿರ. ಕ್ಷಣಕ್ಕೊಂದರಂತೆ ತಿರುಗಿಸಿದರೆ ಹದಿನೇಳು ನಿಮಿಷ ಸಾಕು. ಅಂಗಡಿಯಿಂದ ಬಂದಾಗ ಇದ್ದ ಮೂರು ಸೊನ್ನೆಗಳನ್ನು ಬದಲಿಸದೆ ಬಿಡುವವರೂ ಬಹಳ. ಇದಕ್ಕಿಂತ ಸುಲಭದ ದಾರಿ ಬೀಗವನ್ನು ಮುಟ್ಟದೆಯೇ ಸಾಗುವುದು. ಬಟ್ಟೆಯ ಪೆಟ್ಟಿಗೆಗೆ ಇರುವುದು ಜಿಪ್. ಬರೆಯುವ ಸಾಧಾರಣ ಬಾಲ್‌ಪೆನ್ನಿನ ತುದಿಯನ್ನು ಜಿಪ್ಪಿನ ಹಲ್ಲುಗಳ ನಡುವೆ ಒತ್ತಿದರೆ ಅದು ಬಿಚ್ಚಿಕೊಳ್ಳುತ್ತದೆ. ಕೈ ಹಾಕಿ ಬೇಕಾದುದನ್ನು ತೆಗೆದು, ಬೀಗದಿಂದ ಕೂಡಿರುವ ಎರಡೂ ಎಳೆಗಳನ್ನು ಹಿಂದಕ್ಕೂ ಮುಂದಕ್ಕೂ ಒಮ್ಮೆ ಎಳೆದರೆ ಜಿಪ್ ಮತ್ತೆ ಮುಚ್ಚಿಕೊಳ್ಳುತ್ತದೆ. ಬೀಗ ಇದ್ದಲ್ಲಿಯೇ ಇರುತ್ತದೆ. ಮನೆಗೆ ಬಂದು ತೆರೆದಾಗ ವಸ್ತು ಇಲ್ಲ, ಬೀಗ ಒಡೆದ ಗುರುತೂ ಇಲ್ಲ. ತಾನೇ ಎಲ್ಲೋ ಮರೆತೆನೆಂದು ಒಡೆಯನು ತನ್ನನ್ನೇ ಶಂಕಿಸುತ್ತಾನೆ.

ಬೇಲಿ ಮತ್ತು ಹೊಲ

ಪೆಟ್ಟಿಗೆಯ ಹಾದಿಯಲ್ಲಿ ಹೊರಗಿನವರಿಗೆ ಪ್ರವೇಶವಿಲ್ಲ. ಆದುದರಿಂದ ಅಲ್ಲಿ ಕಳವಾದರೆ ಅದು ಒಳಗಿನವರ ಕೈಯಿಂದಲೇ ಆಗಿರುವ ಸಂಭವ ಹೆಚ್ಚು. ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ. ಅಮೆರಿಕದ ಮಿಯಾಮಿ ನಗರದಲ್ಲಿ ಪೊಲೀಸರು ಅಡಗುಕ್ಯಾಮರಾಗಳನ್ನು ಇರಿಸಿದಾಗ, ಸಾಮಾನು ಜೋಡಿಸುವವರಲ್ಲಿ ಕೆಲವರು ವಿಮಾನದ ಹೊಟ್ಟೆಯೊಳಗೇ ಪೆಟ್ಟಿಗೆಗಳ ಜಿಪ್ ತೆರೆದು ಕೈಯಾಡಿಸುವುದು ಚಿತ್ರೀಕರಣಗೊಂಡಿತು. ಅಷ್ಟು ದೂರ ಹೋಗಬೇಕಾಗಿಲ್ಲ. 2025ರಲ್ಲಿ ಬೆಂಗಳೂರಿನಿಂದ ಮಂಗಳೂರಿಗೆ ಬಂದ ಮಹಿಳೆಯೊಬ್ಬರ ಪೆಟ್ಟಿಗೆಯಿಂದ ಚಿನ್ನಾಭರಣ ಕಾಣೆಯಾದ ದೂರಿನ ಮೇಲೆ, ನಿಲ್ದಾಣದಲ್ಲಿ ಸಾಮಾನು ಸಾಗಿಸುವ ಕೆಲಸದಲ್ಲಿದ್ದ ಕೆಲವರನ್ನು ಬಜ್ಪೆ ಪೊಲೀಸರು ಬಂಧಿಸಿದ ಸುದ್ದಿಯನ್ನು ಕರಾವಳಿಯ ಪತ್ರಿಕೆಗಳಲ್ಲಿ ನಾವೆಲ್ಲ ಓದಿದ್ದೇವೆ.

2018ರ ಫೆಬ್ರವರಿಯಲ್ಲಿ ದುಬೈಯಿಂದ ಕರಿಪ್ಪೂರಿಗೆ ಬಂದಿಳಿದ ಪ್ರಯಾಣಿಕರಲ್ಲಿ ಹಲವರು ತಮ್ಮ ಪೆಟ್ಟಿಗೆಗಳಿಂದ ಬೆಲೆಬಾಳುವ ವಸ್ತುಗಳು ಹೋಗಿವೆಯೆಂದು ದೂರಿದಾಗ ಕೇರಳದಾದ್ಯಂತ ಗದ್ದಲವೆದ್ದಿತು. ಕಳವು ನಡೆದುದು ಹೊರಟಲ್ಲಿಯೋ ಇಳಿದಲ್ಲಿಯೋ ಎಂಬುದೇ ಅಲ್ಲಿ ಮೊದಲ ಪ್ರಶ್ನೆಯಾಯಿತು. ಈ ಬಗೆಯ ಕಳವಿನ ತೊಡಕು ಇರುವುದು ಇಲ್ಲಿಯೇ. ಎರಡು ದೇಶಗಳು, ಎರಡು ನಿಲ್ದಾಣಗಳು, ನಡುವೆ ಒಂದು ವಿಮಾನ ಸಂಸ್ಥೆ, ಅದರ ಪರವಾಗಿ ಗುತ್ತಿಗೆಯಲ್ಲಿ ದುಡಿಯುವ ಬೇರೆ ಸಂಸ್ಥೆಗಳು. ಬೆರಳು ತೋರಲು ಪ್ರತಿಯೊಬ್ಬರಿಗೂ ಇನ್ನೊಬ್ಬರಿದ್ದಾರೆ. ಪ್ರಯಾಣಿಕನೊಬ್ಬನೇ ಬರಿಗೈಯಲ್ಲಿ ನಿಲ್ಲುತ್ತಾನೆ.

ನ್ಯಾಯದ ದೃಷ್ಟಿಯಿಂದ ಇನ್ನೊಂದು ಮಾತನ್ನೂ ಹೇಳಬೇಕು. ಮೊಣಕಾಲೂರಿ ನಮ್ಮ ಪೆಟ್ಟಿಗೆಗಳನ್ನು ಜೋಡಿಸುವವರಲ್ಲಿ ಬಹುಪಾಲು ಜನ ಪ್ರಾಮಾಣಿಕರು. ಸಣ್ಣ ಸಂಬಳಕ್ಕೆ ಗುತ್ತಿಗೆಯಲ್ಲಿ ದುಡಿಯುವ, ನಮ್ಮವೇ ಊರುಗಳ ಮಕ್ಕಳು. ಕೆಲವರ ಕಳ್ಳತನದ ಕಳಂಕ ಅವರೆಲ್ಲರಿಗೂ ತಗಲುವುದು ಸಲ್ಲದು. ಕಳವು ಎಲ್ಲಿ, ಯಾವಾಗ ನಡೆಯಿತೆಂಬುದನ್ನು ತೋರಿಸಬಲ್ಲ ಗುರುತೊಂದಿದ್ದರೆ ಅದು ಪ್ರಯಾಣಿಕನಿಗೆ ಎಷ್ಟು ಉಪಕಾರಿಯೋ ನಿರಪರಾಧಿ ಕೆಲಸಗಾರನಿಗೂ ಅಷ್ಟೇ ಉಪಕಾರಿ.

ಒಂದು ಗಂಟು

ಅಂತಹ ಗುರುತು ಹೇಗಿರುತ್ತದೆ ಎಂಬುದನ್ನು ಕೆಲವು ವರ್ಷಗಳ ಹಿಂದೆ, ಕೊಲ್ಲಿಯಿಂದ ಹಿಂದಿರುಗುವಾಗ ಕಂಡೆ. ಯಾವ ನಿಲ್ದಾಣ, ಯಾವ ಸಂಸ್ಥೆ ಎಂಬುದು ಇಲ್ಲಿ ಮುಖ್ಯವಲ್ಲ. ಸಾಮಾನಿನ ಬೆಲ್ಟಿನ ಬಳಿ ನಿಂತವರಲ್ಲಿ ಬದಿಯಡ್ಕ ಕಡೆಯ ಒಬ್ಬ ಹಿರಿಯ ಮಹಿಳೆ ಇದ್ದರು. ಮಗನ ಮನೆಯಲ್ಲಿ ಎರಡು ತಿಂಗಳಿದ್ದು ಮರಳುತ್ತಿದ್ದರು. ಜೊತೆಯಲ್ಲಿ ಒಂಬತ್ತನೆಯ ತರಗತಿಯ ಮೊಮ್ಮಗ. ಅವರ ರಟ್ಟಿನ ಪೆಟ್ಟಿಗೆ ಬೆಲ್ಟಿನಲ್ಲಿ ಬಂದಿತು. ಹುಡುಗ ಅದನ್ನು ಎತ್ತಿ ಟ್ರಾಲಿಗೆ ಹಾಕುವಷ್ಟರಲ್ಲಿ ಅವರು ತಡೆದರು.

"ನಿಲ್ಲು ಮಗಾ. ಇದು ನಿನ್ನ ಮಾವ ಕಟ್ಟಿದ ಗಂಟಲ್ಲ."

ಪೆಟ್ಟಿಗೆಗೆ ಸುತ್ತಿದ ನೀಲಿ ನೈಲಾನ್ ಹಗ್ಗ ಅದೇ ಇದ್ದಿತು. ಗಂಟು ಮಾತ್ರ ಬೇರೆ. ಅವರ ಮಗ ಅಡಿಕೆಯ ಗೋಣಿಗೆ ತಂದೆ ಹಾಕುತ್ತಿದ್ದ ಗಂಟನ್ನೇ ಚಿಕ್ಕಂದಿನಿಂದ ಕಲಿತವನು. ಎಳೆದಷ್ಟೂ ಬಿಗಿಯುವ, ತುದಿ ಒಳಗೆ ಸೇರುವ ಗಂಟದು. ಈಗ ಅಲ್ಲಿದ್ದುದು ಅವಸರದಲ್ಲಿ ಬಿಗಿದ ಕಗ್ಗಂಟು.

ಕೌಂಟರಿನಲ್ಲಿದ್ದ ತರುಣನು ಸೌಜನ್ಯದಿಂದಲೇ, "ಅಮ್ಮಾ, ಮನೆಗೆ ಹೋಗಿ ತೆರೆದು ನೋಡಿ, ಏನಾದರೂ ಇಲ್ಲದಿದ್ದರೆ ಇ-ಮೇಲ್ ಮಾಡಿ" ಎಂದನು. ಅವರು ಒಪ್ಪಲಿಲ್ಲ. "ಮನೆಗೆ ಕೊಂಡುಹೋದ ಮೇಲೆ ಮನೆಯಲ್ಲೇ ತೆಗೆದದ್ದು ಅಂತ ನೀವೇ ಹೇಳುತ್ತೀರಿ ಮಾರಾಯರೇ" ಎಂದರು. ಹುಡುಗ ಚೀಟಿಯನ್ನು ತೆಗೆದು ಓದಿದನು. ಹೊರಡುವಾಗಿನ ತೂಕ ಮೂವತ್ತು ಕಿಲೋ ಎಂದಿತ್ತು. ಇನ್ನೊಮ್ಮೆ ತೂಗಿಸಬೇಕೆಂದು ಕೇಳಿಕೊಂಡನು. ತೂಗಿದಾಗ ಎರಡೂವರೆ ಕಿಲೋಗಿಂತ ಹೆಚ್ಚು ಕಡಿಮೆ ಬಂದಿತು. ಅಲ್ಲಿಯೇ ಪೆಟ್ಟಿಗೆ ತೆರೆಸಿದರು. ಒಂದು ದೊಡ್ಡ ಹಾಲಿನ ಹುಡಿಯ ಡಬ್ಬಿಯೂ ಒಂದು ಮೊಬೈಲೂ ಇರಲಿಲ್ಲ. ಡಬ್ಬಿಯೊಳಗೆ, ಹುಡಿಯ ನಡುವೆ, ಮೊಮ್ಮಗಳಿಗೆಂದು ಕೊಂಡ ಒಂದು ಜೊತೆ ಚಿನ್ನದ ಓಲೆಯನ್ನು ಅಡಗಿಸಿ ಇಟ್ಟಿದ್ದರು. ಕ್ಷಕಿರಣದ ಪರದೆಗೆ ಹಾಲಿನ ಹುಡಿ ಮರೆಯಾಗದು. ಹುಡಿಯ ನಡುವಿನ ಲೋಹ ಅದರಲ್ಲಿ ಎದ್ದು ಕಾಣುತ್ತದೆ.

ಹುಡುಗನೇ ಅರ್ಜಿಯನ್ನು ಇಂಗ್ಲಿಷಿನಲ್ಲಿ ತುಂಬಿ, ಅಜ್ಜಿಗೆ ಕನ್ನಡದಲ್ಲಿ ಓದಿ ಹೇಳಿ, ಅವರ ಸಹಿ ಹಾಕಿಸಿದನು. ಕೆಲವು ತಿಂಗಳ ಬಳಿಕ ಸಂಸ್ಥೆಯಿಂದ ಸ್ವಲ್ಪ ಹಣ ಬಂದುದಾಗಿ ಆ ಮನೆಯವರಿಂದ ತಿಳಿಯಿತು. ಓಲೆಗೆ ಏನೂ ಬರಲಿಲ್ಲ. ಒಪ್ಪಿಸಿದ ಪೆಟ್ಟಿಗೆಯಲ್ಲಿಟ್ಟ ಆಭರಣ, ನಗದು, ದಾಖಲೆಗಳಿಗೆ ಸಂಸ್ಥೆ ಹೊಣೆಯಲ್ಲವೆಂಬ ಷರತ್ತು ಟಿಕೆಟಿನ ನಿಯಮಗಳಲ್ಲಿಯೇ ಇದ್ದಿತು. ಬಹುತೇಕ ಎಲ್ಲ ಸಂಸ್ಥೆಗಳ ನಿಯಮಗಳಲ್ಲಿಯೂ ಅದು ಇದೆ.

ಆ ಗಂಟು ಕಳವನ್ನು ತಡೆಯಲಿಲ್ಲ. ಆದರೆ ಪೆಟ್ಟಿಗೆ ತೆರೆಯಲ್ಪಟ್ಟಿದೆ ಎಂಬುದನ್ನು ಒಡೆಯರು ನಿಲ್ದಾಣದಿಂದ ಹೊರಬೀಳುವ ಮೊದಲೇ ಹೇಳಿತು. ಬೀಗದಿಂದಲೂ ನಾವು ನಿರೀಕ್ಷಿಸಬೇಕಾದುದು ಇಷ್ಟೇ. ಅದು ಕಾವಲುಗಾರನಲ್ಲ, ಸಾಕ್ಷಿ. ತುಂಡರಿಸದೆ ತೆರೆಯಲಾಗದ ಪ್ಲಾಸ್ಟಿಕ್ಕಿನ ಬಣ್ಣದ ಪಟ್ಟಿ, ಸಂಖ್ಯೆಯುಳ್ಳ ಮುದ್ರೆ, ನಿಲ್ದಾಣದಲ್ಲಿ ಸುತ್ತಿಸುವ ಪ್ಲಾಸ್ಟಿಕ್ ಹಾಳೆ, ಇವೆಲ್ಲದರ ಕೆಲಸವೂ ಅದೇ. ಜಿಪ್ಪಿನ ಎಳೆಗಳನ್ನು ಪೆಟ್ಟಿಗೆಯ ಹಿಡಿಗೆ ಸೇರಿಸಿ ಇಂತಹ ಪಟ್ಟಿಯಿಂದ ಕಟ್ಟಿದರೆ, ಎಳೆಗಳನ್ನು ಓಡಿಸಿ ಜಿಪ್ ಮುಚ್ಚುವ ಉಪಾಯ ನಡೆಯದು. ಜಿಪ್ ಬದಲು ಚೌಕಟ್ಟೂ ಕೊಂಡಿಗಳೂ ಇರುವ ಗಟ್ಟಿ ಪೆಟ್ಟಿಗೆಗೆ ಪೆನ್ನಿನ ತುದಿ ಸಾಲದು. ಹಗ್ಗವನ್ನೂ ಉಂಡೆಯಾಕಾರದ ಗಂಟುಗಳನ್ನೂ ಈಗ ಎಲ್ಲ ಕಡೆ ಒಪ್ಪುವುದಿಲ್ಲ. ದುಬೈ ನಿಲ್ದಾಣದ ಸಾಮಾನಿನ ಬೆಲ್ಟುಗಳ ಒಟ್ಟು ಉದ್ದ ಸುಮಾರು 140 ಕಿಲೋಮೀಟರ್. ಅದರಲ್ಲಿ ಉರುಳುವ ಸಾಮಾನು ಸಿಕ್ಕಿಹಾಕಿಕೊಳ್ಳುತ್ತದೆಂದು, ಒಂದು ಬದಿಯಾದರೂ ಚಪ್ಪಟೆಯಾಗಿರದ ಪೆಟ್ಟಿಗೆಗಳನ್ನು 2017ರ ಮಾರ್ಚಿನಿಂದ ನಿರಾಕರಿಸತೊಡಗಿದರು.

ಹೊರಬಾಗಿಲಿಗಿಂತ ಮುಂಚೆ

ಸಾಕ್ಷಿಗೆ ಬೆಲೆ ಬರುವುದು ಕಾನೂನಿನ ಮುಂದೆ. ಅಂತಾರಾಷ್ಟ್ರೀಯ ವಿಮಾನಯಾನದ ಹೊಣೆಗಾರಿಕೆಯನ್ನು ನಿರ್ಣಯಿಸುವುದು 1999ರ ಮಾಂಟ್ರಿಯಲ್ ಒಪ್ಪಂದ. ಭಾರತವು 2009ರಲ್ಲಿ ಅದನ್ನು ಸೇರಿತು. ಯುಎಇಯೂ ಅದರ ಸದಸ್ಯ ರಾಷ್ಟ್ರ. ಒಪ್ಪಿಸಿದ ಪೆಟ್ಟಿಗೆ ತನ್ನ ವಶದಲ್ಲಿದ್ದಾಗ ನಷ್ಟವಾದರೆ ವಿಮಾನ ಸಂಸ್ಥೆಯೇ ಹೊಣೆ ಎಂಬುದು ಅದರ ತಿರುಳು. ನಿಲ್ದಾಣ ಯಾವುದು, ಗುತ್ತಿಗೆದಾರ ಯಾರು ಎಂಬುದನ್ನು ಹುಡುಕುವ ಕಷ್ಟ ಪ್ರಯಾಣಿಕನದಲ್ಲ. 2024ರ ಡಿಸೆಂಬರ್ 28ರಿಂದ ಈ ಹೊಣೆಯ ಗರಿಷ್ಠ ಮಿತಿ ಒಬ್ಬ ಪ್ರಯಾಣಿಕನಿಗೆ 1,519 ಎಸ್‌ಡಿಆರ್. ಎಸ್‌ಡಿಆರ್ ಎಂಬುದು ಅಂತಾರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಮಾನ. ರೂಪಾಯಿಯಲ್ಲಿ ಇದು ಒಂದೂವರೆ ಲಕ್ಷವನ್ನು ಮೀರುತ್ತದೆ. ಇದು ಮಿತಿ ಮಾತ್ರ, ಕೇಳಿದವರಿಗೆಲ್ಲ ಸಿಗುವ ಮೊತ್ತವಲ್ಲ. ದೇಶದೊಳಗಿನ ಪ್ರಯಾಣಕ್ಕೆ ಮಿತಿ ಬೇರೆ, ಬಹಳ ಕಡಿಮೆ.

ಒಪ್ಪಂದದ 31ನೆಯ ವಿಧಿಯನ್ನು ಪ್ರತಿಯೊಬ್ಬ ಪ್ರಯಾಣಿಕನೂ ನೆನಪಿಡಬೇಕು. ದೂರು ಹೇಳದೆ ಪೆಟ್ಟಿಗೆಯನ್ನು ಸ್ವೀಕರಿಸಿದರೆ, ಅದು ಸುಸ್ಥಿತಿಯಲ್ಲಿ ತಲುಪಿತೆಂಬುದಕ್ಕೆ ಅದೇ ಮೇಲುನೋಟದ ಪುರಾವೆಯಾಗುತ್ತದೆ. ಹಾನಿಯ ದೂರನ್ನು ಪೆಟ್ಟಿಗೆ ಕೈಸೇರಿದ ಏಳು ದಿನಗಳೊಳಗೆ, ತಡವಾಗಿ ಬಂದುದರ ದೂರನ್ನು ಇಪ್ಪತ್ತೊಂದು ದಿನಗಳೊಳಗೆ ಬರಹದಲ್ಲಿ ಕೊಡಬೇಕು. ನ್ಯಾಯಾಲಯಕ್ಕೆ ಹೋಗಲು ಇರುವ ಅವಧಿ ಎರಡು ವರ್ಷ. ಆದುದರಿಂದ ಪೆಟ್ಟಿಗೆಯನ್ನು ನೋಡಬೇಕಾದ ಸ್ಥಳ ಮನೆಯ ಜಗಲಿಯಲ್ಲ, ಬೆಲ್ಟಿನ ಬದಿ. ಸುಂಕದವರನ್ನು ದಾಟಿ ಹೊರಬಾಗಿಲು ಕಳೆದರೆ ಮತ್ತೆ ಒಳಗೆ ಬರಲು ಬಿಡುವುದಿಲ್ಲ. ಸಂಶಯವಿದ್ದರೆ ಅಲ್ಲಿಯೇ ಪಿಐಆರ್ ಎಂದು ಕರೆಯುವ ವರದಿಯನ್ನು ಬರೆಯಿಸಿ, ಅದರ ಪ್ರತಿಯನ್ನೂ ಸಂಖ್ಯೆಯನ್ನೂ ಪಡೆಯಬೇಕು. ಹೊರಗೆ ಕಾಯುವವರ ಅವಸರ ಎಷ್ಟಿದ್ದರೂ ಈ ಹತ್ತು ನಿಮಿಷಗಳನ್ನು ಬಿಡಬಾರದು.

ಭಾಷೆಯ ಅಳುಕಿನಿಂದ ದೂರು ಕೊಡದೆ ಬರುವವರು ನಮ್ಮಲ್ಲಿ ಅನೇಕರಿದ್ದಾರೆ. ಸಂಸ್ಥೆಯ ಅರ್ಜಿ ಇಂಗ್ಲಿಷಿನಲ್ಲಿರುವುದು ನಿಜ. ಆದರೆ ಬಜ್ಪೆಯ ಪೊಲೀಸರಿಗೆ ಕೊಡುವ ದೂರು ಕನ್ನಡದಲ್ಲಿಯೇ ಇರಬಹುದು. ಕುಂದುಕೊರತೆಯ ಮನವಿಯನ್ನು ಕೇಂದ್ರದ ಅಥವಾ ರಾಜ್ಯದ ಯಾವ ಅಧಿಕಾರಿಗಾದರೂ ಅಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ವಿಧಿ ಕೊಟ್ಟಿದೆ. ಗಡಿನಾಡಿನ ಕನ್ನಡಿಗರಾದ ನಾವು ಶಾಲೆಗಾಗಿ, ಕಚೇರಿಯ ಕಡತಕ್ಕಾಗಿ ಈ ವಿಧಿಯನ್ನು ಎತ್ತಿ ಹೇಳುತ್ತ ಬಂದವರು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ದೂರುದಾರನು ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ವ್ಯಾಜ್ಯ ಹೂಡಬಹುದು. ಸಂಸ್ಥೆಯ ಕಚೇರಿ ಮುಂಬಯಿಯಲ್ಲಿರಲಿ, ದೆಹಲಿಯಲ್ಲಿರಲಿ, ಕಾಸರಗೋಡಿನ ಆಯೋಗದ ಬಾಗಿಲು ನಮಗೆ ತೆರೆದಿದೆ.

ಈ ವಾರಪತ್ರಿಕೆಯನ್ನು ಓದುವ ಮನೆಗಳಲ್ಲಿ ಕನ್ನಡ ಮಾಧ್ಯಮದಲ್ಲಿ ಕಲಿಯುವ ಮಕ್ಕಳಿದ್ದಾರೆ. ಪೆಟ್ಟಿಗೆ ಕಟ್ಟುವ ರಾತ್ರಿ ಅವರಿಗೊಂದು ಕೆಲಸ ಕೊಡಬಹುದು. ಒಳಗಿಡುವ ಒಂದೊಂದೇ ವಸ್ತುವನ್ನು ಹಾಳೆಯಲ್ಲಿ ಬರೆಯಲಿ, ಬೆಲೆಯ ಚೀಟಿಗಳನ್ನು ಜೊತೆಗೆ ಇರಿಸಲಿ, ಮುಚ್ಚುವ ಮುನ್ನವೂ ಮುಚ್ಚಿದ ಮೇಲೂ ಮೊಬೈಲಿನಲ್ಲಿ ಚಿತ್ರ ತೆಗೆಯಲಿ, ಬೀಗದ ಮೂರು ಸೊನ್ನೆಗಳನ್ನು ಬದಲಿಸಲಿ. ಚಿನ್ನ, ನಗದು, ಮೊಬೈಲು, ಔಷಧಿ, ಇವು ಕೈಚೀಲಕ್ಕೆ ಹೋಗಲಿ. ಎಲ್ಲಕ್ಕಿಂತ ಮಿಗಿಲಾಗಿ ಎಸ್‌ಎಸ್‌ಎಲ್‌ಸಿಯ ಮೂಲ ಪ್ರಮಾಣಪತ್ರ. ನೋರ್ಕಾ ಕಚೇರಿಯಲ್ಲಿ ಸರದಿ ನಿಂತು ದೃಢೀಕರಿಸಿ ತಂದ ಆ ಕಾಗದಕ್ಕೆ ಯಾವ ಸಂಸ್ಥೆಯೂ ಬೆಲೆ ಕಟ್ಟಿ ಕೊಡಲಾರದು. ಅದು ಮೈಗೆ ಹತ್ತಿರದ ಚೀಲದಲ್ಲಿ, ಪಾಸ್‌ಪೋರ್ಟಿನ ಜೊತೆಯಲ್ಲಿ ಇರಬೇಕು. ವಸ್ತುಗಳ ಪಟ್ಟಿಯ ಎರಡು ಪ್ರತಿಗಳಿರಲಿ. ಒಂದು ಪ್ರಯಾಣಿಕನ ಜೇಬಿನಲ್ಲಿ, ಒಂದು ಮನೆಯಲ್ಲಿ. ಕನ್ನಡದಲ್ಲಿ ಬರೆದರೆ ಸಾಕು. ಬೇಕಾದಾಗ ಇಂಗ್ಲಿಷಿಗೆ ತಿರುಗಿಸಿ ಕೊಡುವಷ್ಟು ನಮ್ಮ ಮಕ್ಕಳು ಕಲಿತಿದ್ದಾರೆ.